ಕೂದಲಿನ ಪರೀಕ್ಷೆಗೆ ಕುಳಿತ ವರ್ಷ

೧೯೮೨ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ವಿಷಯ ಬರೆದಿದ್ದೆ. ಐದನೆಯದನ್ನು ಬರೆಯಬೇಕಾದ ದಿನ ಬಂಟ್ವಾಳ ಪೇಟೆಯ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಕೂತು, ಸುಟ್ಟುಹೋದ ಪಂಪಿನ ಮೋಟಾರಿನಿಂದ ಕರಿಹಿಡಿದ ತಾಮ್ರದ ತಂತಿ ಕೀಳುತ್ತಿದ್ದೆ. ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮನೆಗೆ ದುಡಿಯುವ ಕೈ ಬೇಕಿತ್ತು. ಫೇಲಾಗಿ ಬಿಟ್ಟದ್ದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಶಾಲೆ ಬಿಟ್ಟವನೆಂದರೆ ಫೇಲಾದವನೆಂದೇ ಲೆಕ್ಕ.

ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ದುಡಿದು, ವಾಮದಪದವಿನಲ್ಲಿ ನನ್ನದೇ ಅಂಗಡಿ ಹಾಕಿದೆ. ಸುತ್ತಲಿನ ತೋಟದವರ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಮದುವೆ ಮನೆಯ ಫ್ಯಾನು ಎಲ್ಲ ನನ್ನ ಬಳಿಗೇ ಬರುತ್ತಿದ್ದವು. ಈ ಕೆಲಸದಲ್ಲಿ ಎಣಿಕೆಯೇ ಮುಖ್ಯ. ಇಂತಿಷ್ಟು ಸುತ್ತು ಎಂದರೆ ಇಂತಿಷ್ಟೇ ಸುತ್ತು. ನಾನು ತಂತಿ ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವುದಿಲ್ಲ, ಎಣಿಕೆ ಮುಗಿದ ಮೇಲೆಯೇ ತಲೆ ಎತ್ತುವುದು. ಅದಕ್ಕೇ ನನಗೆ ಅಹಂಕಾರ ಎಂದು ಹೆಸರು ಬಂದಿತ್ತು. ಸ್ವಲ್ಪ ಇತ್ತು ಕೂಡ. ನಾನು ಸುತ್ತಿದ ಮೋಟಾರು ವಾಪಸು ಬಂದದ್ದಿಲ್ಲ.

ಆದರೆ ತಲೆ ಎತ್ತಿದಾಗ ಕಾಣುವ ತಲೆಯದ್ದೇ ತೊಂದರೆ. ಇಪ್ಪತ್ತೈದು ದಾಟುವಾಗ ಉದುರಲು ಸುರುವಾದ ಕೂದಲು, ಮೂವತ್ತು ತುಂಬುವಾಗ ನಡುನೆತ್ತಿಯಲ್ಲಿ ಒಂದು ತಟ್ಟೆಯಷ್ಟು ಜಾಗ ಬಿಟ್ಟುಕೊಟ್ಟಿತ್ತು. ಗರುಗದ ಎಣ್ಣೆ ಹಚ್ಚಿದೆ, ದಾಸವಾಳದ ಸೊಪ್ಪು ಅರೆದು ಮೆತ್ತಿದೆ, ಯಾರೋ ಹೇಳಿದರೆಂದು ನೀರುಳ್ಳಿ ರಸ ಕೂಡ ತಿಕ್ಕಿದೆ. ಗಿರಾಕಿಗಳು ಅಂಗಡಿಗೆ ಬಂದು, "ಎಂಥ ಮೇಸ್ತ್ರಿ, ಇಲ್ಲಿ ಹೋಟೇಲು ಮಾಡಿದ್ದೀರಾ?" ಎಂದು ಕೇಳಲು ಸುರು ಮಾಡಿದ ಮೇಲೆ ನೀರುಳ್ಳಿಯನ್ನು ಅಡುಗೆಮನೆಗೇ ಬಿಟ್ಟುಕೊಟ್ಟೆ.

ಕೂದಲು ಹೋದದ್ದಕ್ಕೆ ನನಗೆ ಅಷ್ಟು ಬೇಸರ ಇರಲಿಲ್ಲ. ಬೇಸರವಾದದ್ದು ಹೆಣ್ಣು ನೋಡಲು ಹೊರಟ ಮೇಲೆ. ಅಪ್ಪ ಆಗಲೇ ತೀರಿಕೊಂಡಿದ್ದರು, ಮೊದಲ ಬಾರಿ ಕಲ್ಲಡ್ಕದ ಹತ್ತಿರದ ಒಂದು ಮನೆಗೆ ಅಮ್ಮನ ಜೊತೆ ಹೋಗಿದ್ದೆ. ಬೆಲ್ಲ ನೀರು ಕೊಟ್ಟು ಉಪಚರಿಸಿದರು. ಸ್ವಲ್ಪ ಹೊತ್ತು ಮಳೆ ಬೆಳೆ ಮಾತಾಡಿದ ಮೇಲೆ ಮನೆಯ ಯಜಮಾನರು ಅಂಗಳದ ಕಡೆ ಕತ್ತು ಉದ್ದ ಮಾಡಿ ನೋಡಿ, "ಹುಡುಗ ಹಿಂದಿನ ಬಸ್ಸಿಗೆ ಬರುವುದಾ?" ಎಂದು ಕೇಳಿದರು. ಅವರು ನನ್ನನ್ನು ಅಮ್ಮನ ತಮ್ಮನೆಂದು ತಿಳಿದಿದ್ದರು. ಎರಡನೆಯ ಮನೆಯವರು ಅಷ್ಟು ನೇರ ಇರಲಿಲ್ಲ. ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕವನ್ನು ನಾವಿನ್ನೂ ಕೊಟ್ಟಿರಲಿಲ್ಲ.

ಮೂರನೆಯ ಸಲ ಅಮ್ಮ ತಾವೇ ಒಂದು ದಾರಿ ಕಂಡುಕೊಂಡರು. ಮದುವೆ ಕೂಡಿಸುವ ಬ್ರೋಕರ್ ಒಬ್ಬರು ಬೆಳ್ತಂಗಡಿ ಕಡೆಯ ಒಂದು ಹುಡುಗಿಯ ಫೋಟೊ ತಂದುಕೊಟ್ಟು, ನನ್ನ ಫೋಟೊ ಕೇಳಿದ್ದರು. ನಾನು ಅಂಗಡಿಯಲ್ಲಿದ್ದೆ. ಅಮ್ಮ ಟ್ರಂಕಿನ ತಳದಿಂದ ಒಂದನ್ನು ಹುಡುಕಿ ಕೊಟ್ಟರು. ಅದು ನಾನು ಸ್ವಂತ ಅಂಗಡಿ ಹಾಕುವುದಕ್ಕೂ ಮೊದಲು ತೆಗೆಸಿದ್ದು. ಅದರಲ್ಲಿ ನನ್ನ ಕೂದಲು ಹಣೆಯ ಮೇಲೆ ಅಲೆಯಾಗಿ ಏಳುತ್ತಿತ್ತು. ಫೋಟೊಗ್ರಾಫರು ಬಾಚಣಿಗೆಯನ್ನು ನೀರಿನಲ್ಲಿ ಅದ್ದಿ ಎರಡು ಸಲ ಬಾಚಿದ್ದು ನನಗೆ ನೆನಪಿದೆ.

ವಾರದಲ್ಲಿ ಉತ್ತರ ಬಂತು. ಹುಡುಗ ಇಷ್ಟವಾಗಿದ್ದಾನೆ. ಆದರೆ ಹುಡುಗಿಯ ಅಣ್ಣ ದುಬಾಯಿಯಲ್ಲಿದ್ದಾನೆ, ದೀಪಾವಳಿಗೆ ಬರುತ್ತಾನೆ, ಅವನು ಬಂದ ಮೇಲೆಯೇ ನೋಡುವ ಶಾಸ್ತ್ರ.

"ಯಾವ ಫೋಟೊ ಕೊಟ್ಟದ್ದು?" ಎಂದು ಕೇಳಿದೆ. ಅಮ್ಮ ಹೇಳಿದರು. ನಾನು ಸಿಟ್ಟಿನಲ್ಲಿ ಊಟದ ಬಟ್ಟಲು ದೂಡಿದೆ.

"ಅದು ಸುಳ್ಳಲ್ಲವಾ ಅಮ್ಮ?"

"ಎಂಥ ಸುಳ್ಳು? ಅದರಲ್ಲಿ ಇರುವುದು ನೀನೇ ಅಲ್ಲವಾ? ನಾನು ಪಕ್ಕದ ಮನೆಯವನ ಫೋಟೊ ಕೊಟ್ಟೆನಾ?"

ಮರುದಿನವೇ ಬ್ರೋಕರನ್ನು ಹಿಡಿದು ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಹುಡುಗಿಯ ಫೋಟೊ ನನ್ನ ಅಂಗಿಯ ಜೇಬಿನಲ್ಲಿತ್ತು. ಪಿಯುಸಿ ಓದಿ ಅಂಗನವಾಡಿಯಲ್ಲಿ ಟೀಚರಾಗಿದ್ದವಳು, ಕ್ಯಾಮರಾವನ್ನು ತರಗತಿಯಲ್ಲಿ ಗಲಾಟೆ ಮಾಡುವ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದಳು. ನನ್ನಲ್ಲಿ ಓದೂ ಕಡಿಮೆ, ಕೂದಲೂ ಕಡಿಮೆ. ಓದನ್ನು ಆರು ತಿಂಗಳಲ್ಲಿ ಸರಿ ಮಾಡಲಿಕ್ಕೆ ಆಗುವುದಿಲ್ಲ. ಕೂದಲನ್ನು ಮಾಡಬಹುದೇನೋ. ಹಾಗೆ ಮಾಡಿದರೆ ಫೋಟೊ ಸುಳ್ಳಾಗುವುದಿಲ್ಲ. ಸ್ವಲ್ಪ ಮುಂಚಿತವಾಗಿ ಕೊಟ್ಟದ್ದು ಎಂದಾಗುತ್ತದೆ, ಅಷ್ಟೆ. ನನ್ನ ಲೆಕ್ಕ ಇದು. ೧೯೯೯ರ ಮೇ ತಿಂಗಳು.

ಆಗ ಫರಂಗಿಪೇಟೆಯಿಂದ ನನ್ನ ಗೆಳೆಯ ಬಂದ. ಎಂಟು ವರ್ಷ ಗಲ್ಫಿನಲ್ಲಿದ್ದು ವಾಪಸು ಬಂದು, ಹೆದ್ದಾರಿಯ ಬದಿಯಲ್ಲಿ ಚಾಪೆ, ಟಾರ್ಚು, ಅತ್ತರು ಮಾರುವ ಅಂಗಡಿ ಇಟ್ಟುಕೊಂಡ ಬ್ಯಾರಿ. ಅವನ ಮನೆಯ ಪಂಪು ಎಷ್ಟು ಸಲ ಸುಟ್ಟಿತ್ತೆಂದರೆ, ನಮ್ಮ ಸ್ನೇಹ ಬೆಳೆದದ್ದೇ ಅದರಿಂದ. ಅವನ ಕೂದಲೂ ಹೋಗಿತ್ತು. ಅಲ್ಲಿಯ ನೀರಿನಿಂದ ಹೋದದ್ದು ಎಂದು ಅವನ ವಾದ. ಅಂದು ಅವನು ಮೋಟಾರು ತಂದಿರಲಿಲ್ಲ. ಮಡಚಿದ ಒಂದು ಪೇಪರು ತಂದಿದ್ದ.

"ಓದು ಮೇಸ್ತ್ರಿ. ನಮ್ಮಂಥವರೂ ಬೇಕಾದವರು ಇದ್ದಾರೆ ಮಾರಾಯ ಲೋಕದಲ್ಲಿ."

ಒಳಪುಟದ ಮೂಲೆಯಲ್ಲಿ ಸಣ್ಣ ಜಾಹೀರಾತು. ನಡುನೆತ್ತಿಯ ಕೂದಲು ಉದುರುತ್ತಿರುವ, ಹದಿನೆಂಟರಿಂದ ನಲವತ್ತೈದು ವರ್ಷದೊಳಗಿನ ಆರೋಗ್ಯವಂತ ಪುರುಷರು ಹೊಸ ಔಷಧಿಯೊಂದರ ಸಂಶೋಧನೆಗೆ ಬೇಕಾಗಿದ್ದಾರೆ. ಮೂಡುಬಿದಿರೆಯ ಒಂದು ಚರ್ಮದ ಕ್ಲಿನಿಕ್ಕಿನ ವಿಳಾಸ. ಅವಧಿ ಆರು ತಿಂಗಳು.

"ಆರು ತಿಂಗಳು!" ಎಂದೆ. ದೀಪಾವಳಿಗೆ ಸರಿಯಾಗಿ ಮುಗಿಯುತ್ತಿತ್ತು.

"ನಿನಗೆ ಎಂಥಕ್ಕೆ ಮಾರಾಯ?" ಎಂದು ಅವನನ್ನು ಕೇಳಿದೆ. "ನಿನಗೆ ಮದುವೆಯಾಗಿದೆ, ಮೂರು ಮಕ್ಕಳಿದ್ದಾರೆ, ಮೇಲಿಂದ ತಲೆಯ ಮೇಲೆ ಟೊಪ್ಪಿ ಉಂಟು. ಯಾರು ನೋಡ್ತಾರೆ?"

"ಟೊಪ್ಪಿ ತೆಗೆಯುವ ಜಾಗದಲ್ಲಿ ನೋಡುವವಳು ಒಬ್ಬಳಿದ್ದಾಳಲ್ಲ. ದಿನಾ ತಮಾಷೆ ಮಾಡ್ತಾಳೆ. ಹೋಗುವ, ಇಬ್ಬರೂ ಹೋಗುವ. ನೀನೊಬ್ಬನೇ ಹೋದರೆ ಡಾಕ್ಟರಿಗೇ ಬುದ್ಧಿ ಹೇಳಿ ಬರ್ತೀ."

ಅವನು ಬಂಟ್ವಾಳದಲ್ಲಿ ಹತ್ತಿದ ಬಸ್ಸಿಗೆ ನಾನು ಸಿದ್ಧಕಟ್ಟೆಯಲ್ಲಿ ಹತ್ತಿಕೊಂಡೆ. ಕ್ಲಿನಿಕ್ಕಿನ ಜಗಲಿಯಲ್ಲಿ ಆಗಲೇ ಹದಿನೈದಿಪ್ಪತ್ತು ಜನ ಇದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರೂ ಒಬ್ಬರ ನೆತ್ತಿಯನ್ನು ಒಬ್ಬರು ನೋಡುತ್ತಿದ್ದರು. ನಮ್ಮ ಮುಂದೆ ಇದ್ದ ಒಬ್ಬರ ತಲೆಯಲ್ಲಿ ಬಿತ್ತಲಿಕ್ಕೂ ಒಂದು ಕೂದಲು ಇರಲಿಲ್ಲ. ಒಳಗೆ ಹೋದ ವೇಗದಲ್ಲೇ ಹೊರಗೆ ಬಂದರು.

"ಆಗುವುದಿಲ್ಲವಂತೆ. ಉದುರುತ್ತಾ ಇರಬೇಕಂತೆ, ಉದುರಿ ಮುಗಿದವರು ಬೇಡವಂತೆ," ಎಂದು ನಮಗೆ ವರದಿ ಕೊಟ್ಟು, ನಮ್ಮ ತಲೆಗಳನ್ನು ಆಸೆಯಿಂದ ನೋಡಿ ಹೋದರು. ನನ್ನ ತಲೆಯನ್ನು ಯಾರಾದರೂ ಆಸೆಯಿಂದ ನೋಡಿದ್ದು ಅದೇ ಮೊದಲು.

ಮೇಜಿನ ಬಳಿ ಒಬ್ಬರು ನರ್ಸ್ ಇದ್ದರು, ಐವತ್ತರ ಆಸುಪಾಸಿನವರು. ವಾರ್ನಿಷ್ ಹಿಡಿದು ಕಂದಾದ ನನ್ನ ಬೆರಳುಗಳನ್ನು ನೋಡಿದವರೇ ಶಾಯಿಯ ಪ್ಯಾಡನ್ನು ನನ್ನ ಕಡೆ ಸರಿಸಿ, "ಹೆಬ್ಬೆಟ್ಟು ಇಲ್ಲಿ," ಎಂದರು.

ನನಗೆ ರೇಗಿತು. ಪ್ಯಾಡನ್ನು ವಾಪಸು ಸರಿಸಿ, "ಓದಿ ಸಹಿ ಹಾಕ್ತೇನೆ," ಎಂದೆ. ಒಪ್ಪಿಗೆ ಪತ್ರ ಏಳು ಪುಟ ಇತ್ತು, ಅಚ್ಚುಕಟ್ಟಾದ ಗ್ರಂಥದ ಕನ್ನಡದಲ್ಲಿ. ಏಳೂ ಪುಟ ಓದಿದೆ. ಗೆಳೆಯ ಹೊರಗೆ ಹೋಗಿ ಚಾ ಕುಡಿದು ಬಂದ, ನಾನು ಮೂರನೇ ಪುಟದಲ್ಲಿದ್ದೆ. ಇನ್ನೊಮ್ಮೆ ಹೋಗಿ ಬಂದ, ಐದನೆಯದರಲ್ಲಿದ್ದೆ. ಮುಗಿದ ಮೇಲೆ, ನಾಲ್ಕು ಕಡೆ ಅರ್ಥವಾಗಲಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ನರ್ಸ್ ಎದ್ದು ಡಾಕ್ಟರನ್ನೇ ಕರೆದರು.

ಡಾಕ್ಟರು ಸಣ್ಣ ಪ್ರಾಯದವರು, ತಾಳ್ಮೆ ಇತ್ತು. ಎರಡು ಬಗೆಯ ಬಾಟ್ಲಿ ಉಂಟು, ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಅದೇ ಬಣ್ಣದ, ಅದೇ ವಾಸನೆಯ ಬರೀ ದ್ರಾವಣ. ಯಾರಿಗೆ ಯಾವುದು ಎಂದು ಬಾಟ್ಲಿಯ ಮೇಲಿನ ನಂಬರಿನಿಂದ ತಿಳಿಯುವುದಿಲ್ಲ ಎಂದು ವಿವರಿಸಿದರು.

"ನಿಮಗೆ ಗೊತ್ತುಂಟಲ್ಲ ಡಾಕ್ಟ್ರೇ?"

"ನನಗೂ ಗೊತ್ತಿಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಬೊಂಬಾಯಿಯಲ್ಲಿ ಔಷಧಿ ಕಂಪೆನಿಯವರ ಹತ್ತಿರ ಒಂದು ಮುಚ್ಚಿದ ಕವರು ಉಂಟು, ಅದರೊಳಗೆ."

"ಆ ಕವರಿಗೊಂದು ಸಲಾಂ," ಎಂದ ನನ್ನ ಗೆಳೆಯ.

ನಾನು ಬಿಡಲಿಲ್ಲ. "ನನ್ನ ಅಂಗಡಿಗೆ ಇಬ್ಬರು ಮೋಟಾರು ತಂದರೆ, ಒಂದನ್ನು ಸುತ್ತಿ ಇನ್ನೊಂದನ್ನು ಹಾಗೇ ಮುಚ್ಚಿ ಕೊಟ್ಟರೆ ಊರವರು ಬಿಟ್ಟಾರಾ?"

ಡಾಕ್ಟರು ನಕ್ಕು, ನನ್ನ ದಾರಿಯಲ್ಲೇ ಬಂದರು. "ಕೆಲವು ಸಲ ಪಂಪು ತಾನಾಗಿಯೇ ಸರಿ ಆಗುವುದು ಉಂಟಲ್ಲ? ವೋಲ್ಟೇಜ್ ಬಂದ ಕೂಡಲೇ?"

ಉಂಟು. ನಾನು ಮುಚ್ಚಳ ಬಿಚ್ಚುವ ಮೊದಲೇ ಸರಿಯಾದ ಪಂಪುಗಳಿಗೆ ಜನ ನನಗೆ ಕೈ ಮುಗಿದದ್ದು ಉಂಟು, ನಾನು ಸುಮ್ಮನೆ ಮುಗಿಸಿಕೊಂಡದ್ದೂ ಉಂಟು. ಅದನ್ನು ಅವರಿಗೆ ಹೇಳಲಿಲ್ಲ. ಸಹಿ ಹಾಕಿದೆ.

ಆಮೇಲೆ ರಕ್ತ ನೋಡಿದರು, ಎದೆ ನೋಡಿದರು. ಎರಡು ದಿನ ಬಿಟ್ಟು ಇಬ್ಬರನ್ನೂ ಆರಿಸಿದ್ದೇವೆ ಎಂದು ತಿಳಿಸಿದರು. ನನಗಾದ ಹೆಮ್ಮೆ ಹೇಳಿದರೆ ನೀವು ನಗಬಹುದು. ಪಕ್ಕದ ಅಂಗಡಿಗಳಿಗೆಲ್ಲ ಹೋಗಿ, "ಪಾಸಾದೆ," ಎಂದು ಹೇಳಿ ಬಂದೆ. ಯಾವ ಪರೀಕ್ಷೆ ಎಂದು ಕೇಳಿದವರಿಗೆ ತಲೆ ತೋರಿಸಿದೆ.

ನೆತ್ತಿಯ ಮೇಲೆ ನಾಲ್ಕಾಣೆಗಿಂತ ಸ್ವಲ್ಪ ದೊಡ್ಡ ಒಂದು ವೃತ್ತದಲ್ಲಿ ಕೂದಲನ್ನು ಗಿಡ್ಡ ಕತ್ತರಿಸಿ, ನಡುವೆ ಹಚ್ಚೆಯ ಒಂದು ಚುಕ್ಕೆ ಇಟ್ಟರು. ಪ್ರತಿ ತಿಂಗಳೂ ಅದೇ ಚುಕ್ಕೆಯ ಸುತ್ತ ಫೋಟೊ ತೆಗೆದು ಕೂದಲು ಎಣಿಸುವುದು. ದಿನಕ್ಕೆರಡು ಸಲ ಔಷಧಿ ಹಚ್ಚಬೇಕು. ಬೇರೆ ಎಣ್ಣೆ ಕೂಡದು, ಬಣ್ಣ ಕೂಡದು, ಬೇರೆ ಮಾತ್ರೆ ಕೂಡದು, ಕ್ಷೌರದ ರೀತಿ ಬದಲಿಸಕೂಡದು, ಒಂದು ಹೊತ್ತೂ ತಪ್ಪಿಸಕೂಡದು. ಹೀಗೆ ಒಂದು ಪಟ್ಟಿ ಕೊಟ್ಟರು. ಅದನ್ನು ಅಂಗಡಿಯ ಗೋಡೆಯಲ್ಲಿ, ತಂತಿಯ ಗೇಜಿನ ಚಾರ್ಟಿನ ಪಕ್ಕ ಅಂಟಿಸಿದೆ. ಸುತ್ತಿದ ತಂತಿಯ ಕಾಯಿಲಿಗೆ ವಾರ್ನಿಷ್ ಬಿಡುವಷ್ಟೇ ಜಾಗ್ರತೆಯಲ್ಲಿ, ಒಂದು ಹನಿ ಆಚೆ ಹೋಗದ ಹಾಗೆ ಹಚ್ಚಿದೆ. ವಾಮದಪದವಿನ ನಮ್ಮ ಕ್ಷೌರಿಕನಿಗೆ ಆ ವೃತ್ತವನ್ನು ಮುಟ್ಟಬೇಡ ಎಂದು ಹೇಳಿದ್ದೆ. ಅವನು ಅದರ ಸುತ್ತ ಕತ್ತರಿ ಆಡಿಸುತ್ತಾ, "ಇದು ರಿಸರ್ವ್ ಫಾರೆಸ್ಟ್, ಒಳಗೆ ಹೋದರೆ ಕೇಸು," ಎಂದು ಕಾದು ಕೂತವರಿಗೆಲ್ಲ ಸಾರುತ್ತಿದ್ದ.

ಎಣಿಕೆಯ ವಿಷಯದಲ್ಲಿ ಮಾತ್ರ ನನಗೂ ನರ್ಸಿಗೂ ಆಗಿಬರಲಿಲ್ಲ.

"ಎಷ್ಟಾಯಿತು ಅಕ್ಕ?"

"ಹೇಳ್ಲಿಕ್ಕಿಲ್ಲ."

"ನನ್ನ ತಲೆ ಅಕ್ಕ."

"ತಲೆ ನಿಮ್ಮದು. ಲೆಕ್ಕ ನಮ್ಮದು."

ಮನೆಯಲ್ಲಿ ಅಮ್ಮ ತಮ್ಮದೇ ಲೆಕ್ಕ ಇಟ್ಟಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ನನ್ನನ್ನು ಅಂಗಳದ ಬಿಸಿಲಿನಲ್ಲಿ ಮಣೆಯ ಮೇಲೆ ಕೂರಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಕನ್ನಡಕ ಹಾಕಿಕೊಂಡು ನೆತ್ತಿಯನ್ನು ಪರಿಶೀಲಿಸುತ್ತಿದ್ದರು. ಜೂನ್, ಜುಲಾಯಿಯಲ್ಲಿ ಏನೂ ಹೇಳಲಿಲ್ಲ. ಆಟಿ ತಿಂಗಳ ಮಳೆ ಕಳೆದು ಸೆಪ್ಟೆಂಬರಿನ ಒಂದು ಭಾನುವಾರ ಕೂಗಿಯೇಬಿಟ್ಟರು.

"ಬಂದಿದೆ ಮಗಾ! ಗರಿಕೆ ಹುಲ್ಲಿನ ಹಾಗೆ ಬಂದಿದೆ!"

ಕನ್ನಡಿ ಹಿಂದೆ ಒಂದು, ಮುಂದೆ ಒಂದು ಹಿಡಿದು ನೋಡಿದೆ. ಏನೋ ಇದ್ದ ಹಾಗಿತ್ತು. ಇಲ್ಲದಿರಲೂಬಹುದು. ಆದರೆ ಆ ದಿನ ಫೋಟೊದಲ್ಲಿದ್ದ ಟೀಚರಿಗೆ ಮೊದಲ ಬಾರಿ ನೇರ ಮುಖ ಕೊಟ್ಟೆ.

ಮಧ್ಯಾಹ್ನ ಬಡಿಸುವಾಗ ಅಮ್ಮ ಇನ್ನೊಂದು ವಿಷಯ ಹೇಳಿದರು. "ಇನ್ನು ತಡ ಮಾಡ್ಲಿಕ್ಕಾಗ. ಹರಕೆ ಉಂಟು."

"ಎಂಥ ಹರಕೆ?"

"ನಿನ್ನ ಕೂದಲು ಬರ್ಲಿಕ್ಕೆ ಸುರುವಾದ ಕೂಡಲೇ ಕ್ಷೇತ್ರದಲ್ಲಿ ಮುಡಿ ಕೊಡಿಸ್ತೇನೆ ಅಂತ. ನೀನು ಆ ಬಾಟ್ಲಿ ತಂದ ದಿನವೇ ಹೇಳಿಕೊಂಡದ್ದು."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. "ಅಮ್ಮ, ಬಂದ ಕೂದಲನ್ನು ಬೋಳಿಸಲಿಕ್ಕೆ ಕೂದಲು ಬರಲಿ ಅಂತ ಕೇಳಿದ್ದಾ?"

"ಮತ್ತೆ ಎಂಥ ಕೊಡುವುದು? ಕೂದಲು ಕೇಳಿದರೆ ಕೂದಲೇ ಕೊಡಬೇಕು. ತೆಂಗಿನಕಾಯಿ ಕೊಟ್ಟು ತಪ್ಪಿಸಲಿಕ್ಕಾಗ್ತದಾ? ಕೊಟ್ಟರೆ ಎರಡರಷ್ಟು ಬರ್ತದೆ."

ನಾನು ಮಾಡಿದ್ದು ಇಷ್ಟು. ಮರುದಿನ ಅಂಗಡಿಗೆ ಹೋಗಿ ಗೋಡೆಯ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಎಣ್ಣೆ ಇತ್ತು, ಬಣ್ಣ ಇತ್ತು, ಮಾತ್ರೆ ಇತ್ತು. ಹರಕೆ ಇರಲಿಲ್ಲ. ಕ್ಷೌರದ ರೀತಿ ಬದಲಿಸಕೂಡದು ಎಂದಿತ್ತು, ನಿಜ. ಆದರೆ ಅದು ಪೇಟೆಯ ಕ್ಷೌರದ ಮಾತು. ಮುಡಿ ಕೊಡುವುದನ್ನು ನಮ್ಮಲ್ಲಿ ಯಾರೂ ಕ್ಷೌರ ಎನ್ನುವುದಿಲ್ಲ. ಏಳು ಪುಟ ಓದಿ ನಾಲ್ಕು ಪ್ರಶ್ನೆ ಕೇಳಿದ ನಾನು, ಒಂದು ರೂಪಾಯಿ ಹಾಕಿ ಕ್ಲಿನಿಕ್ಕಿಗೆ ಫೋನು ಮಾಡಿ ಐದನೆಯದನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾರೆ ಎಂದು ಒಳಗೆ ಗೊತ್ತಿತ್ತು ಎಂದು ಕಾಣುತ್ತದೆ. ಗೊತ್ತಾದ ಮೇಲೆ ಅಮ್ಮನಿಗೆ ಹೇಳುವವರು ಯಾರು?

ಬುಧವಾರ ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿಗೆ, ಅಲ್ಲಿಂದ ಕ್ಷೇತ್ರಕ್ಕೆ ಹೋದೆವು. ಮುಡಿ ತೆಗೆಯುವವನು ಚುಕ್ಕೆಯ ಬಳಿ ಕತ್ತಿ ನಿಲ್ಲಿಸಿ, "ಇದೆಂಥ, ಮಚ್ಚೆಯಾ?" ಎಂದ. "ಸರ್ಕಾರಿ ಕಲ್ಲು ಅಂತ ತಿಳ್ಕೊ," ಎಂದೆ. ಎರಡು ಎಳೆತದಲ್ಲಿ ರಿಸರ್ವ್ ಫಾರೆಸ್ಟ್ ಮುಗಿಯಿತು. ನೇತ್ರಾವತಿಯಲ್ಲಿ ಮುಳುಗಿ ಎದ್ದಾಗ ನೀರು ನೆತ್ತಿಯಿಂದ ನೇರ ಬೆನ್ನಿಗೆ ಇಳಿಯಿತು, ದಾರಿಯಲ್ಲಿ ತಡೆಯುವವರು ಯಾರೂ ಇಲ್ಲ. ಅಮ್ಮನ ಮುಖದಲ್ಲಿ ದೊಡ್ಡ ಕೆಲಸವೊಂದು ಮುಗಿದ ತೃಪ್ತಿ ಇತ್ತು.

ಆ ತೃಪ್ತಿ ಬೆಳ್ತಂಗಡಿ ಬಸ್ ಸ್ಟ್ಯಾಂಡಿನವರೆಗೆ ಬಾಳಿತು. ಅಲ್ಲಿ ಬ್ರೋಕರ್ ಸಿಕ್ಕಿದರು. ಮೊದಲು ಅಮ್ಮನ ಗುರುತು ಹಿಡಿದರು, ಆಮೇಲೆ ನನ್ನದು.

"ಓ ದೇವರೇ! ನಿಮಗೇ ಹೇಳಿ ಕಳಿಸಲಿಕ್ಕಿತ್ತು. ಹುಡುಗಿಯ ಅಣ್ಣನಿಗೆ ರಜೆ ಈಗಲೇ ಸಿಕ್ಕಿತಂತೆ, ದೀಪಾವಳಿಗೆ ಇಲ್ಲವಂತೆ. ಮೊನ್ನೆ ಬಂದಾಗಿದೆ. ಈ ಭಾನುವಾರ ಬರ್ಲಿಕ್ಕೆ ಹೇಳಿದ್ದಾರೆ." ಮಾತು ಮುಗಿಸಿ ನನ್ನ ತಲೆಯನ್ನು ಒಂದು ಸುತ್ತು ನೋಡಿದರು. ಅವರ ಮುಖ ನಿಧಾನಕ್ಕೆ ಅರಳಿತು. "ಇದು ಒಳ್ಳೆಯದೇ ಆಯಿತು ಅಣ್ಣಾ! ಈಗ ಬೋಳು ಯಾವುದು, ಬೋಳಿಸಿದ್ದು ಯಾವುದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ನೀವು ಬಾಯಿ ಬಿಡಬೇಡಿ, ಆಯ್ತಾ?"

ಅದಕ್ಕೆ ಮೊದಲು ಶುಕ್ರವಾರ ಮೂಡುಬಿದಿರೆಯ ಸರದಿ ಇತ್ತು. ಗೆಳೆಯ ಬಸ್ಸಿನಲ್ಲಿ ನನ್ನನ್ನು ನೋಡಿದವನೇ ಸೀಟಿನಿಂದ ಎದ್ದು ನಿಂತ. "ಯಾರು ತೀರಿಕೊಂಡದ್ದು ಮಾರಾಯ?" ಎಂದು ಮೆಲ್ಲಗೆ ಕೇಳಿದ. ವಿಷಯ ತಿಳಿಸಿದೆ. ಸಿದ್ಧಕಟ್ಟೆಯಿಂದ ಮೂಡುಬಿದಿರೆಯವರೆಗೆ ನಕ್ಕ. ನಿಲ್ಲಿಸಿದ ಎಂದುಕೊಳ್ಳುವಾಗ ನನ್ನ ಕಡೆ ಒಮ್ಮೆ ತಿರುಗಿ ನೋಡಿ ಪುನಃ ಸುರು ಮಾಡುತ್ತಿದ್ದ.

ನರ್ಸ್ ನಗಲಿಲ್ಲ. ಬಸ್ಸಿಳಿದ ಮೇಲೆ ತಲೆಗೆ ಸುತ್ತಿಕೊಂಡಿದ್ದ ಬೈರಾಸನ್ನು ನಾನು ಬಿಚ್ಚಿದಾಗ ಭೂತಗನ್ನಡಿಯನ್ನು ಕೆಳಗಿಟ್ಟರು.

"ಕೂದಲು ಎಲ್ಲಿ?"

"ದೇವರಿಗೆ ಕೊಟ್ಟೆ."

"ದೇವರಿಗೆ ಕೊಡಲಿಕ್ಕೆ ಅದು ನಿಮ್ಮದಾ ಮಾರಾಯ್ರೆ? ನಾಲ್ಕು ತಿಂಗಳಿಂದ ಒಂದೊಂದೇ ಎಣಿಸಿ ಇಟ್ಟಿದ್ದೇನೆ ನಾನು!"

ಅವರ ಕಣ್ಣಲ್ಲಿ ನೀರು ಇತ್ತು. ನಾನು ಸುತ್ತಿಟ್ಟ ಕಾಯಿಲನ್ನು ಯಾರಾದರೂ ಕತ್ತರಿಸಿ ಹಾಕಿದರೆ ನನಗೆ ಹೇಗಾದೀತು ಎಂದು ಆಗ ಹೊಳೆಯಿತು. ಅದುವರೆಗೆ ಹೊಳೆದಿರಲಿಲ್ಲ.

ಡಾಕ್ಟರು ಸಿಟ್ಟಾಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ಇನ್ನು ನನ್ನ ಎಣಿಕೆಯನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ನನ್ನನ್ನು ಬಿಡಬೇಕಾಗುತ್ತದೆ ಎಂದು ಸಮಾಧಾನದಲ್ಲಿ ಹೇಳಿದರು. ಬಿಟ್ಟ ಕಾರಣ ಬರೆಯಲು ಕಾಗದದಲ್ಲಿ ಚೌಕಗಳಿದ್ದವು: ತುರಿಕೆ, ತಲೆನೋವು, ಊರು ಬದಲಾವಣೆ, ಇತರೆ. ಇತರೆಯ ಮುಂದೆ ನನ್ನ ಕೈಯಿಂದಲೇ "ಹರಕೆ" ಎಂದು ಬರೆಸಿದರು. "ಬೊಂಬಾಯಿಯವರು ಇದಕ್ಕೆ ನನಗೆ ಫೋನು ಮಾಡ್ತಾರೆ," ಎಂದು ಹಣೆ ಒರೆಸಿಕೊಂಡರು. ಉಳಿದಿದ್ದ ಅರ್ಧ ಬಾಟ್ಲಿಯನ್ನು ಮೇಜಿನ ಮೇಲಿಟ್ಟು ಬಂದೆ. ಪರೀಕ್ಷೆಯ ನಡುವೆ ಎದ್ದು ಬಂದದ್ದು ಅದು ಎರಡನೆಯ ಸಲ. ಮೊದಲನೆಯದಕ್ಕೆ ಅಪ್ಪನ ಸೊಂಟ ಕಾರಣ, ಇದಕ್ಕೆ ನಾನೇ. ಬಸ್ಸಿನಲ್ಲಿ ಗೆಳೆಯ ಈ ಸಲ ನಗಲಿಲ್ಲ. ಒಂದು ಪೊಟ್ಟಣ ನೆಲಗಡಲೆ ತೆಗೆದು ಸುಮ್ಮನೆ ನನ್ನ ಕೈಗಿಟ್ಟ.

ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಬೆಳ್ತಂಗಡಿಗೆ ಹೋದೆ. ಅಮ್ಮ ಒಂದು ಬದಿಯಲ್ಲಿ, ಬ್ರೋಕರ್ ಇನ್ನೊಂದು ಬದಿಯಲ್ಲಿ, ಕೈದಿಯನ್ನು ಕರೆದುಕೊಂಡು ಹೋಗುವ ಹಾಗೆ. ಹುಡುಗಿಯ ತಂದೆ ನನ್ನ ತಲೆ ನೋಡಿ ಎದ್ದು ನಿಂತರು.

"ಮುಡಿ ಕೊಟ್ಟದ್ದಾ? ಈ ಕಾಲದಲ್ಲೂ ಇಂಥ ಭಕ್ತಿ ಇರುವವರು ಇದ್ದಾರಲ್ಲ!"

ಬ್ರೋಕರ್ ಕಣ್ಣು ಮಿಟುಕಿಸಿದರು. ಅಮ್ಮ, "ಎಲ್ಲ ಒಳ್ಳೆಯದಾಗಲಿ ಅಂತ ಒಂದು ಹರಕೆ," ಎಂದು ಸೆರಗು ಸರಿಪಡಿಸಿಕೊಂಡರು. ಗೋಡೆಯ ಬದಿಯ ಮೇಜಿನ ಮೇಲೆ ನನ್ನ ಆ ಫೋಟೊ ಇತ್ತು, ಅಲೆಗೂದಲಿನದ್ದು. ಸುಮ್ಮನಿದ್ದರೆ ಸಾಕಿತ್ತು. ಮದುವೆಯ ಹೊತ್ತಿಗೆ ಕೂದಲು ಅಷ್ಟೇ ಬಂತೆಂದರೆ, ಮುಡಿ ಕೊಟ್ಟ ಮೇಲೆ ಸರಿಯಾಗಿ ಬರಲಿಲ್ಲ ಎಂದು ಹೇಳಬಹುದಿತ್ತು. ದೇವರ ಮೇಲೆಯೇ ಹಾಕಬಹುದಿತ್ತು. ಹುಡುಗಿ ಚಾದ ತಟ್ಟೆ ಹಿಡಿದು ಬಂದಳು. ಫೋಟೊದಲ್ಲಿದ್ದ ಅದೇ ನೋಟ. ಆ ನೋಟದ ಮುಂದೆ ಸುಮ್ಮನಿರಲು ನನಗೆ ಆಗಲಿಲ್ಲ.

"ಹರಕೆ ಕೂದಲಿಗೇ," ಎಂದೆ. "ಆ ಫೋಟೊದಲ್ಲಿರುವುದು ಈಗ ಇಲ್ಲ. ಬೋಳಿಸುವ ಮೊದಲೂ ಇರಲಿಲ್ಲ. ಬರಲಿ ಅಂತ ಮೂಡುಬಿದಿರೆಯಲ್ಲಿ ಔಷಧಿಯ ಪರೀಕ್ಷೆಗೆ ಸೇರಿದ್ದೆ, ಅಲ್ಲಿಂದಲೂ ಮೊನ್ನೆ ತೆಗೆದುಹಾಕಿದರು. ಓದಿದ್ದು ಎಂಟನೇ ಕ್ಲಾಸು, ಅದೂ ಅರ್ಧ."

ಬ್ರೋಕರ್ ಚಾದ ಲೋಟದೊಳಗೆ ನೋಡತೊಡಗಿದರು. ಆಮೇಲೆ ಹುಡುಗಿ ತಟ್ಟೆ ಕೆಳಗಿಟ್ಟು, ಮೇಜಿನ ಮೇಲಿನ ಫೋಟೊವನ್ನು ತೆಗೆದು ಮಗುಚಿ ಅಪ್ಪನ ಕೈಗೆ ಕೊಟ್ಟಳು.

"ಹಿಂದೆ ಸ್ಟುಡಿಯೊದವರ ಸೀಲು ಉಂಟು ಅಪ್ಪ. ತೊಂಬತ್ತನೇ ಇಸವಿ."

ತಂದೆ ಕನ್ನಡಕ ಏರಿಸಿ ನೋಡಿದರು. "ನಿನಗೆ ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

"ಅವರು ಹೇಳ್ತಾರಾ ಅಂತ ನೋಡುವ ಅಂತ."

ನನ್ನ ಅಮ್ಮನಿಗೆ ಆ ಫೋಟೊಕ್ಕೆ ಒಂದು ಹಿಂಬದಿ ಉಂಟೆಂದೇ ಗೊತ್ತಿರಲಿಲ್ಲ. ದುಬಾಯಿಯ ಅಣ್ಣ ಗಟ್ಟಿಯಾಗಿ ನಕ್ಕ. ಅವನ ಹಣೆಯೂ ಹಿಂದೆ ಹಿಂದೆ ಹೋಗುತ್ತಿತ್ತು, ಆಗಲೇ ಗಮನಿಸಿದೆ. "ಆ ಔಷಧಿ ಪುನಃ ಎಲ್ಲಿ ಕೊಡುವುದು ಅಂದಿರಿ?" ಎಂದು ಕೇಳಿದ. ತಂದೆ ಮಾತ್ರ ನಗಲಿಲ್ಲ. ಫೋಟೊವನ್ನು ಹಿಂದೆ ಮುಂದೆ ತಿರುಗಿಸುತ್ತಾ ಕೂತರು. ಕೊನೆಗೆ ಕೇಳಿದ್ದು ಕೂದಲಿನ ವಿಷಯ ಅಲ್ಲ.

"ಮೋಟಾರು ಕೆಲಸ ಅಂತ ಹೇಳಿದ್ದರು. ಅದಾದರೂ ನಿಜವಾ?"

ನಾನು ಉತ್ತರಿಸುವ ಮೊದಲೇ ಮಗಳು, "ಹಿತ್ತಲಿನ ಪಂಪು ಮೂರು ದಿನದಿಂದ ತಿರುಗುವುದಿಲ್ಲ ಅಪ್ಪ, ತೋರಿಸಿದರೆ ಗೊತ್ತಾಗ್ತದೆ," ಎಂದಳು.

ಅಮ್ಮ "ಬಿಳಿ ಅಂಗಿ, ಬಿಳಿ ಅಂಗಿ" ಎಂದು ಹಿಂದಿನಿಂದ ಗುಣುಗುತ್ತಿದ್ದಂತೆ ಎಲ್ಲರೂ ಹಿತ್ತಲಿಗೆ ನಡೆದೆವು. ಸ್ವಿಚ್ ಹಾಕಿಸಿದೆ. ಪಂಪು ಹೂಂಕರಿಸಿತು, ತಿರುಗಲಿಲ್ಲ. ಕಿವಿ ಕೊಟ್ಟು ಎರಡು ಕ್ಷಣ ಕೇಳಿ ಆಫ್ ಮಾಡಿಸಿದೆ. "ಕಾಯಿಲು ಸರಿ ಉಂಟು, ಯಾರಾದರೂ ಸುತ್ತಬೇಕು ಅಂದರೆ ಕೊಡಬೇಡಿ. ಕಂಡೆನ್ಸರ್ ಹೋಗಿದೆ, ಅಷ್ಟೆ." ಅಣ್ಣ ಪೇಟೆಗೆ ಹೋಗಿ ತಂದ. ಹಾಕಿದೆ. ನೀರು ಬಂತು. ಅಂಗಿಯ ತೋಳಿಗೆ ಗ್ರೀಸು ಹತ್ತಿತು. ಹುಡುಗಿ ಸಾಬೂನು ತಂದುಕೊಟ್ಟು, ನಾನು ಕೈ ತೊಳೆಯುವಾಗ ತಂಬಿಗೆಯಿಂದ ನೀರು ಹೊಯ್ದಳು. ಆಗ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, "ಎರಡರಷ್ಟು ಬರ್ತದಂತಲ್ಲ, ನೋಡುವ," ಎಂದಳು. ಅಷ್ಟರೊಳಗೆ ಅಮ್ಮ ಅಡುಗೆಮನೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದ್ದರೆಂದು ಕಾಣುತ್ತದೆ.

ಡಿಸೆಂಬರಿನಲ್ಲಿ ಮದುವೆ ಆಯಿತು. ಕೂದಲು ಎರಡರಷ್ಟು ಬರಲಿಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಬಂತು. ಪೇಟದಡಿಯಲ್ಲಿ ಯಾರಿಗೂ ಕಾಣಲಿಲ್ಲ.

ಮರುವರ್ಷ ಬೊಂಬಾಯಿಯ ಕವರು ಒಡೆಯಿತು. ಡಾಕ್ಟರು ಗೆಳೆಯನನ್ನೂ ನನ್ನನ್ನೂ ಕರೆದು ಹೇಳಿದರು. ಗೆಳೆಯನಿಗೆ ಸಿಕ್ಕಿದ್ದು ನಿಜವಾದ ಔಷಧಿ. ಅವನ ನೆತ್ತಿಯಲ್ಲಿ ನಿಜವಾಗಿಯೂ ಸ್ವಲ್ಪ ಚಿಗುರಿತ್ತು. ಔಷಧಿ ನಿಲ್ಲಿಸಿದ ಮೇಲೆ ಅದೂ ನಿಧಾನಕ್ಕೆ ಹೋಯಿತು. ಆ ಆರೆಂಟು ತಿಂಗಳು ಅವನು ಅಂಗಡಿಯಲ್ಲಿ ಆಗಾಗ ಸೆಕೆ ಎಂದು ಟೊಪ್ಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದದ್ದನ್ನು ಫರಂಗಿಪೇಟೆಯವರು ಇನ್ನೂ ಹೇಳುತ್ತಾರೆ. ನನಗೆ ಸಿಕ್ಕಿದ್ದು ಬರೀ ದ್ರಾವಣ. ಕ್ಲಿನಿಕ್ಕಿನ ಪಟ್ಟಿಯಲ್ಲಿ ಆಮೇಲೆ ಒಂದು ಸಾಲು ಹೆಚ್ಚಾಗಿತ್ತಂತೆ: ಹರಕೆಯ ಮುಡಿ ಇದ್ದರೆ ಸೇರುವ ಮೊದಲೇ ತಿಳಿಸತಕ್ಕದ್ದು. ನರ್ಸೇ ಹಟ ಹಿಡಿದು ಸೇರಿಸಿದ್ದು.

ಬರೀ ದ್ರಾವಣವೆಂದು ಅಮ್ಮನಿಗೆ ಹೇಳಿದಾಗ, ಅವರಿಗೆ ಬೇಸರವಾಗಬಹುದೆಂದು ಎಣಿಸಿದ್ದೆ. ಅಮ್ಮ ಜಯಿಸಿದವರ ಹಾಗೆ ನನ್ನನ್ನೂ ಸೊಸೆಯನ್ನೂ ನೋಡಿದರು.

"ಕಂಡಿತಾ? ಆ ಬಾಟ್ಲಿಯಲ್ಲಿ ಎಂಥದೂ ಇರ್ಲಿಲ್ಲ. ಹಾಗಾದರೆ ಆಗ ಬಂದ ಕೂದಲು ದೇವರದ್ದೇ. ಕೊಟ್ಟದ್ದು ಸರಿಯೇ ಆಯ್ತಲ್ಲ!"

ಆಗ ಕೂದಲು ಬಂದಿತ್ತೇ ಎಂದು ನಾನು ಕೇಳಹೊರಟೆ. ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು.

ಇದು ನಡೆದು ಒಂಬತ್ತು ವರ್ಷವಾಯಿತು. ಈಗ ವಾಮದಪದವಿನಲ್ಲಿ ಒಂದು ಅಂಗಡಿ ಉಂಟು, ಸಿದ್ಧಕಟ್ಟೆಯಲ್ಲಿ ಇನ್ನೊಂದು. ಕೆಲಸಕ್ಕೆ ಮೂರು ಜನ. ಒಂದು ಸ್ಕೂಟರು, ಅಂಗಳದಲ್ಲಿ ಒಂದು ಬಾವಿ, ಅದಕ್ಕೊಂದು ಪಂಪು. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ನಾನು, ಒಟ್ಟು ಐದು ಜನ. ಬಾಚಣಿಗೆ ನಾಲ್ಕು.